ಮಳೆಗಾಲದಲ್ಲಿ ಡ್ರೈಯರ್ ಕೈಕೊಟ್ಟರೆ...

ಜೂನ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಕರಾವಳಿಯ ಮನೆಗಳ ಚಿತ್ರವೇ ಬದಲಾಗುತ್ತದೆ. ಜಗಲಿಯಲ್ಲಿ ಹಗ್ಗ, ಮೆಟ್ಟಿಲಿನ ಕೆಳಗೆ ಹಗ್ಗ, ಮಲಗುವ ಕೋಣೆಯ ಫ್ಯಾನಿನ ಕೆಳಗೂ ಹಗ್ಗ. ಎಲ್ಲಿ ನೋಡಿದರೂ ಒದ್ದೆ ಬಟ್ಟೆ. ಮುಗ್ಗಲು ವಾಸನೆ ಬೇರೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಹೆಚ್ಚು ಕಡಿಮೆ 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬರುತ್ತದೆ. ಗಾಳಿಯೇ ಒದ್ದೆಯಾಗಿರುವಾಗ ಬಟ್ಟೆ ಒಣಗುವುದಾದರೂ ಹೇಗೆ? ಗಂಡಸರು ಮಳೆಯನ್ನು ಛತ್ರಿಯಲ್ಲಿ ಅಳೆಯುತ್ತಾರೆ. ನಾವು ಅಳೆಯುವುದು ಒಣಗದ ಬಟ್ಟೆಗಳಲ್ಲಿ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಬಚ್ಚಲುಮನೆಯ ಹಂಡೆಯ ಒಲೆಯ ಮೇಲ್ಗಡೆ ಬಿದಿರಿನ ಗಳ ಕಟ್ಟಿ ಬಟ್ಟೆ ಹರವುತ್ತಿದ್ದರು. ಹಸುಗೂಸಿನ ಬಟ್ಟೆಗಳಿಗೆ ಕೆಂಡದ ಮೇಲೆ ಬುಟ್ಟಿ ಕವುಚಿ ಹಾಕಿ ಬಿಸಿ ತಾಗಿಸುತ್ತಿದ್ದರು. ಇದು ಹಳ್ಳಿಯ ಹೆಂಗಸರ ಉಪಾಯ ಎಂದು ತಳ್ಳಿಹಾಕಬೇಡಿ. 1892ರಲ್ಲಿ ಅಮೆರಿಕದ ಜಾರ್ಜ್ ಟಿ. ಸ್ಯಾಂಪ್ಸನ್ ಎಂಬ ಕಪ್ಪುವರ್ಣೀಯ ಸಂಶೋಧಕರು ಬಟ್ಟೆ ಒಣಗಿಸುವ ಸಾಧನವೊಂದಕ್ಕೆ ಪೇಟೆಂಟ್ ಪಡೆದರು. ಅದು ಒಲೆಯ ಬಿಸಿಗೆ ಬಟ್ಟೆ ಹರವುವ ಒಂದು ಚೌಕಟ್ಟು ಅಷ್ಟೆ! ನಮ್ಮ ಅಜ್ಜಿಯಂದಿರು ಪೇಟೆಂಟ್ ಕೇಳದೆ ಅದನ್ನೇ ಮಾಡುತ್ತಿದ್ದರು.

ಈಗ ಒಲೆ ಹೋಗಿ ಗೀಸರ್ ಬಂದಿದೆ. ಬಟ್ಟೆಗೆ ಡ್ರೈಯರ್ ಬಂದಿದೆ. ಡ್ರೈಯರ್ ಎಂದು ನಾವು ಕರೆಯುವುದು ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್‌ನ ಬಲಭಾಗದಲ್ಲಿರುವ ಆ ಸಣ್ಣ ಟಬ್ಬನ್ನು. ನಿಜ ಹೇಳಬೇಕೆಂದರೆ ಅದು ಬಟ್ಟೆಯನ್ನು ಒಣಗಿಸುವುದಿಲ್ಲ, ಹಿಂಡುತ್ತದೆ. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿ ನೀರನ್ನು ಹೊರಗೆ ಎಸೆಯುತ್ತದೆ. ಬಿಸಿಗಾಳಿ ಕೊಟ್ಟು ನಿಜವಾಗಿ ಒಣಗಿಸುವ ಯಂತ್ರ ನಮ್ಮಲ್ಲಿ ಅಪರೂಪ. ಅದನ್ನು ಬಳಸುವವರು ಹೆಚ್ಚಾಗಿ ಗಲ್ಫ್‌ನಲ್ಲಿರುವ ನಮ್ಮ ಅಕ್ಕತಂಗಿಯರು. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಕೈಯಲ್ಲಿ ಹಿಂಡಿದ ಬೆಡ್‌ಶೀಟ್ ನಮ್ಮ ಮಳೆಗಾಲದಲ್ಲಿ ಒಣಗಲು ಎರಡು ಮೂರು ದಿನ ಬೇಕು. ಡ್ರೈಯರ್‌ನಲ್ಲಿ ಐದು ನಿಮಿಷ ತಿರುಗಿಸಿದರೆ ಫ್ಯಾನಿನ ಗಾಳಿಗೆ ಒಂದು ರಾತ್ರಿಯಲ್ಲಿ ಒಣಗುತ್ತದೆ. ಈ ಎರಡು ದಿನಗಳ ವ್ಯತ್ಯಾಸದ ಬೆಲೆ ಎಷ್ಟೆಂದು ನನಗೆ ತಿಳಿದದ್ದು 2022ರ ಜೂನ್‌ನಲ್ಲಿ.

ನಮ್ಮ ಮನೆಯಲ್ಲಿ ಆದದ್ದು

ಅದರ ಹಿಂದಿನ ವರ್ಷ ನನ್ನ ಅತ್ತೆಗೆ ಪಾರ್ಶ್ವವಾಯು ಬಡಿದಿತ್ತು. ಬಲಗೈ, ಬಲಗಾಲು ಎರಡೂ ಸ್ವಾಧೀನದಲ್ಲಿರಲಿಲ್ಲ. ಹಾಸಿಗೆಯಲ್ಲೇ ಎಲ್ಲವೂ. ದಿನಕ್ಕೆ ಮೂರು ನಾಲ್ಕು ಹೊದಿಕೆ, ಎರಡು ಮೂರು ಮ್ಯಾಕ್ಸಿ, ಅಡಿಗೆ ಹಾಸುವ ಬಟ್ಟೆಗಳು ತೊಳೆಯಲಿಕ್ಕೆ ಬೀಳುತ್ತಿದ್ದವು. ಒದ್ದೆ ಬಟ್ಟೆಯಲ್ಲಿ ಮಲಗಿಸಬೇಡಿ, ಚರ್ಮ ತೇವವಾಗಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಒಮ್ಮೆ ಆದರೆ ವಾಸಿಯಾಗುವುದು ಬಹಳ ಕಷ್ಟ ಎಂದು ಡಾಕ್ಟರ್ ನಮಗೆ ಎಚ್ಚರಿಕೆ ಕೊಟ್ಟಿದ್ದರು. ಅತ್ತೆಗೂ ಬೇರೆಲ್ಲಕ್ಕಿಂತ ಅದೇ ಚಿಂತೆ. ಮಲಗಿದಲ್ಲೇ ಸನ್ನೆಯಿಂದ ನಮಾಝ್ ಮಾಡುತ್ತಿದ್ದರು. "ಬಟ್ಟೆ ಶುದ್ಧ ಉಂಟಲ್ಲ ಮಗಳೇ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು.

ಜೂನ್ ಮೂರನೇ ವಾರ, ಬಿಡದೆ ಮಳೆ. ಒಂದು ಬೆಳಿಗ್ಗೆ ಡ್ರೈಯರ್‌ನ ಟೈಮರ್ ತಿರುಗಿಸಿದರೆ "ಗುಂಯ್..." ಎಂಬ ಸದ್ದು ಮಾತ್ರ. ಟಬ್ ಅಲ್ಲಾಡಲಿಲ್ಲ. ತೊಳೆಯುವ ಟಬ್ ಮಾತ್ರ ಎಂದಿನಂತೆ ತಿರುಗುತ್ತಿತ್ತು. ಪತಿ ದಮ್ಮಾಮ್‌ನಲ್ಲಿ. ಮನೆಯಲ್ಲಿ ನಾನು, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಪೇಟೆಯಿಂದ ಒಬ್ಬ ಮೆಕ್ಯಾನಿಕ್ ಎರಡನೆಯ ದಿನ ಬಂದ. ಮುಚ್ಚಳ ತೆರೆದು ಕೈಯಲ್ಲಿ ಟಬ್ಬನ್ನು ತಿರುಗಿಸಿ ನೋಡಿದ, ಸ್ವಿಚ್ ಹಾಕಿ ಸದ್ದು ಕೇಳಿದ. "ಮೋಟಾರ್ ಸುಟ್ಟಿದೆ ಅಕ್ಕ. ಬದಲಾಯಿಸಲಿಕ್ಕೆ ಮೂರು ಸಾವಿರದ ಇನ್ನೂರು ಆಗ್ತದೆ. ಮೆಷಿನ್ ಹಳತಾಯಿತು. ಹೊಸತು ತೆಗೊಳ್ಳುವುದೇ ಒಳ್ಳೆಯದು" ಎಂದ. ಐದು ನಿಮಿಷದ ಕೆಲಸ. ಹಿಂಬದಿಯ ಮುಚ್ಚಳದ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ.

ಶಾಲೆಯ ಫೀಸು ಕಟ್ಟಿ, ಅತ್ತೆಯ ಔಷಧಿ ತಂದು, ಕೈಯಲ್ಲಿ ಉಳಿದದ್ದು ನಾಲ್ಕು ಸಾವಿರಕ್ಕಿಂತ ಕಡಿಮೆ. ನಾನು ಅವನ ಬರುವ ಹೋಗುವ ಖರ್ಚು ಇನ್ನೂರು ರೂಪಾಯಿ ಕೊಟ್ಟು, "ಯೋಚಿಸಿ ಹೇಳುತ್ತೇನೆ ತಮ್ಮ" ಎಂದು ಕಳುಹಿಸಿದೆ. ಆ ಹುಡುಗ ಮೋಸಗಾರ ಎಂದು ನಾನು ಹೇಳುವುದಿಲ್ಲ. ಮಳೆಯಲ್ಲಿ ದಿನಕ್ಕೆ ಹತ್ತು ಮನೆ ಸುತ್ತುವವನಿಗೆ ಕೂತು ಹುಡುಕುವ ಪುರುಸೊತ್ತು ಎಲ್ಲಿ? ಆದರೆ ಹಣ ಕೊಡುವವರು ನಾವು. ಹುಡುಕುವ ಪುರುಸೊತ್ತನ್ನು ನಾವಾದರೂ ಮಾಡಿಕೊಳ್ಳಬೇಕು.

ಅವನ ಮಾತು ನನಗೆ ಸರಿಕಾಣದಿರಲು ಒಂದು ಕಾರಣವಿತ್ತು. ನನ್ನ ತಂದೆಗೆ ಪುತ್ತೂರಿನ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ ಇತ್ತು. ತೋಟದ ಪಂಪು, ಬಾವಿಯ ಪಂಪು, ಗ್ರೈಂಡರ್ ಎಲ್ಲ ಅಲ್ಲಿಗೆ ಬರುತ್ತಿದ್ದವು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತು ಪಾಠ ಓದುತ್ತಿದ್ದೆ. "ಪಂಪು ಗುಂಯ್ ಅಂತದೆ, ತಿರುಗುವುದಿಲ್ಲ" ಎಂದು ಯಾರಾದರೂ ಬಂದರೆ ತಂದೆ ಮೊದಲು ಮೋಟಾರನ್ನು ಬಿಚ್ಚುತ್ತಿರಲಿಲ್ಲ. ಕೈಯಲ್ಲಿ ಶಾಫ್ಟ್ ತಿರುಗಿಸಿ ನೋಡುತ್ತಿದ್ದರು. ಅದು ಸಲೀಸಾಗಿ ತಿರುಗಿದರೆ ಕೆಪಾಸಿಟರ್ ತೆಗೆದು ಪರೀಕ್ಷಿಸುತ್ತಿದ್ದರು. ಹೆಚ್ಚಿನ ಸಲ ರೋಗ ಅಲ್ಲೇ ಇರುತ್ತಿತ್ತು. ಸುಟ್ಟ ಮೋಟಾರ್‌ಗೆ ಅದರದ್ದೇ ಆದ ಒಂದು ಘಾಟು ವಾಸನೆ ಇರುತ್ತದೆ. ಒಮ್ಮೆ ಮೂಗಿಗೆ ಬಡಿದರೆ ಮರೆಯುವಂತಿಲ್ಲ. ನಮ್ಮ ಮೆಷಿನ್‌ನಲ್ಲಿ ಆ ವಾಸನೆಯೇ ಇರಲಿಲ್ಲ.

ಡ್ರೈಯರ್‌ನ ಹೊಟ್ಟೆಯೊಳಗೆ ಏನಿದೆ?

ರೋಗ ಹುಡುಕುವ ಮೊದಲು ಒಳಗೆ ಏನಿದೆ ಎಂದು ತಿಳಿಯೋಣ. ಸೆಮಿ ಆಟೋಮ್ಯಾಟಿಕ್ ಮೆಷಿನ್‌ನಲ್ಲಿ ಎರಡು ಮೋಟಾರ್‌ಗಳಿವೆ. ತೊಳೆಯಲು ಒಂದು, ಹಿಂಡಲು ಒಂದು. ಆದ್ದರಿಂದಲೇ ಒಂದು ಕೆಟ್ಟರೂ ಇನ್ನೊಂದು ನಡೆಯುತ್ತದೆ. ಹಿಂಡುವ ಮೋಟಾರ್ ಟಬ್ಬಿನ ನೇರ ಕೆಳಗೆ ಸ್ಪ್ರಿಂಗ್‌ಗಳ ಮೇಲೆ ಕೂತಿರುತ್ತದೆ. ಮೋಟಾರ್‌ನ ತಲೆಗೆ ಒಂದು ಬ್ರೇಕ್ ಡ್ರಮ್, ಅದರ ಪಕ್ಕದಲ್ಲಿ ಸೈಕಲ್‌ಗೆ ಇರುವಂಥ ಒಂದು ಬ್ರೇಕ್ ಕಟ್ಟೆ. ಆ ಬ್ರೇಕಿನಿಂದ ಒಂದು ಸಣ್ಣ ಕೇಬಲ್ ಮೇಲಿನ ಮುಚ್ಚಳದವರೆಗೆ ಹೋಗುತ್ತದೆ. ಮುಚ್ಚಳ ಮುಚ್ಚಿದಾಗ ಕೇಬಲ್ ಎಳೆದು ಬ್ರೇಕ್ ಬಿಡುತ್ತದೆ. ತೆರೆದಾಗ ಬ್ರೇಕ್ ಹಿಡಿಯುತ್ತದೆ. ಅದೇ ಹೊತ್ತಿಗೆ ಮುಚ್ಚಳದ ಬಳಿ ಇರುವ ಒಂದು ಸಣ್ಣ ಸ್ವಿಚ್ ಕರೆಂಟನ್ನು ಕಡಿದು ಹಾಕುತ್ತದೆ.

ಇನ್ನು ಕೆಪಾಸಿಟರ್. ಮನೆಯ ಕರೆಂಟಿನಲ್ಲಿ ನಡೆಯುವ ಇಂಥ ಮೋಟಾರ್‌ಗೆ ಮೊದಲ ತಿರುಗು ತಾನಾಗಿ ಸಿಗುವುದಿಲ್ಲ. ಯಾರಾದರೂ ದೂಡಿಕೊಡಬೇಕು. ಆ ದೂಡುವ ಕೆಲಸ ಕೆಪಾಸಿಟರ್‌ನದ್ದು. ಅದು ಸೊರಗಿದರೆ ಮೋಟಾರ್‌ಗೆ ಕರೆಂಟು ಬರುತ್ತದೆ, ಸದ್ದು ಬರುತ್ತದೆ, ಆದರೆ ತಿರುಗಲು ಆಗುವುದಿಲ್ಲ. ಹಾಗೆಯೇ ಬಿಟ್ಟರೆ ಬಿಸಿಯಾಗಿ ಮೋಟಾರ್ ನಿಜವಾಗಿಯೂ ಸುಡಬಹುದು. ಆದ್ದರಿಂದ ಗುಂಯ್ ಎಂದ ಕೂಡಲೇ ಸ್ವಿಚ್ ಆರಿಸುವುದು ಮೊದಲ ಕೆಲಸ. ನಾನು ಅದನ್ನು ಆ ಬೆಳಿಗ್ಗೆಯೇ ಮಾಡಿದ್ದೆ.

ಇನ್ನೊಂದು ಮಾತು ಗಮನಿಸಿ. ಮುಚ್ಚಳ ತೆರೆದಾಗ ಬ್ರೇಕ್ ಹಿಡಿದಿರುತ್ತದೆಯಷ್ಟೆ? ಹಾಗಿರುವಾಗ ಟಬ್ಬನ್ನು ಕೈಯಲ್ಲಿ ತಿರುಗಿಸಿದರೆ ಅದು ಬಿಗಿಯಾಗಿಯೇ ಇರಬೇಕು. ಅದು ರೋಗವಲ್ಲ, ಆರೋಗ್ಯದ ಲಕ್ಷಣ. ಆ ಬಿಗಿತವನ್ನು ನೋಡಿ ಮೋಟಾರ್ ಜಾಮ್ ಎಂದು ತೀರ್ಮಾನಿಸುವಂತಿಲ್ಲ.

ಹುಡುಕಿದ ಬಗೆ

ಮೊದಲು ವೋಲ್ಟೇಜ್. ನಮ್ಮ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟು ಸೋತು ಬರುವುದು ಸಾಮಾನ್ಯ. 230 ವೋಲ್ಟ್ ಇರಬೇಕಾದಲ್ಲಿ ತೀರಾ ಕಡಿಮೆಯಾದರೆ ಒಳ್ಳೆಯ ಮೋಟಾರ್ ಕೂಡ ಗುಂಯ್ ಎಂದು ನಿಲ್ಲುತ್ತದೆ. ಟ್ಯೂಬ್‌ಲೈಟ್ ಸರಿಯಾಗಿ ಉರಿಯುತ್ತಿತ್ತು, ಮಿಕ್ಸಿ ಜೋರಾಗಿಯೇ ತಿರುಗಿತು. ಹಾಗಾಗಿ ದೋಷ ಮೆಷಿನ್‌ನಲ್ಲಿಯೇ ಇದೆ ಎಂದಾಯಿತು.

ನಂತರ ಪ್ಲಗ್ಗನ್ನು ಸಾಕೆಟ್‌ನಿಂದ ಪೂರ್ತಿ ಕಿತ್ತು ಕೈಗೆ ಕಾಣುವಂತೆ ಮೆಷಿನ್‌ನ ಮೇಲೆಯೇ ಇಟ್ಟೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಹೊರಗಿರಬೇಕು. ಟಬ್ಬಿನೊಳಗೆ ಕೈ ಹಾಕಿ ಅಂಚಿನ ಸುತ್ತ ಸವರಿದೆ. ಕರವಸ್ತ್ರ, ಮಕ್ಕಳ ಕಾಲುಚೀಲ, ತಲೆಗೆ ಕಟ್ಟುವ ತೆಳು ಬಟ್ಟೆ ಇಂಥವು ಹಾರಿ ಟಬ್ಬಿನ ಮತ್ತು ಹೊರಗಿನ ಡ್ರಮ್ಮಿನ ನಡುವೆ ಸಿಕ್ಕಿಕೊಳ್ಳುವುದುಂಟು. ಏನೂ ಇರಲಿಲ್ಲ.

ಮೂರನೆಯದಾಗಿ ಹಿಂಬದಿಯ ಮುಚ್ಚಳ. ಸ್ಟಾರ್ ಸ್ಕ್ರೂಡ್ರೈವರ್ ಒಂದಿದ್ದರೆ ಸಾಕು, ಸ್ಕ್ರೂಗಳನ್ನು ಬಿಚ್ಚಿ ತೆಗೆಯಬಹುದು. ಬಿಚ್ಚಿದ ಸ್ಕ್ರೂಗಳನ್ನು ಒಂದು ಬಟ್ಟಲಿನಲ್ಲಿ ಹಾಕಿಟ್ಟೆ. ಟಾರ್ಚ್ ಬಿಟ್ಟು ನೋಡಿದೆ. ಇಲಿ ಕಡಿದ ವಯರು ಇದೆಯೇ? ಇಲ್ಲ. ಬ್ರೇಕಿನ ಕೇಬಲ್ ತುಂಡಾಗಿದೆಯೇ? ಇಲ್ಲ. ಮಗಳನ್ನು ಕರೆದು ಮೇಲಿನ ಮುಚ್ಚಳವನ್ನು ಮುಚ್ಚಿ ತೆರೆಯಲು ಹೇಳಿದೆ. ಮುಚ್ಚಿದಾಗ ಬ್ರೇಕ್ ಡ್ರಮ್ಮಿನಿಂದ ದೂರ ಸರಿಯುತ್ತಿತ್ತು, ತೆರೆದಾಗ ಹಿಡಿಯುತ್ತಿತ್ತು. ಮುಚ್ಚಿರುವಾಗ ಡ್ರಮ್ಮನ್ನು ಕೈಯಿಂದ ತಿರುಗಿಸಿದೆ. ಬೆಣ್ಣೆಯಂತೆ ತಿರುಗಿತು! ಅಲ್ಲಿಗೆ ಟಬ್ಬು, ಬ್ರೇಕು, ಮೋಟಾರ್‌ನ ಬೇರಿಂಗು ಎಲ್ಲವೂ ಸರಿ ಇವೆ ಎಂದಾಯಿತು.

ಅದಕ್ಕಿಂತ ಮುಂದೆ ನಾನು ಕೈ ಹಾಕಲಿಲ್ಲ. ಇದನ್ನು ನೀವು ಮುಖ್ಯವಾಗಿ ನೆನಪಿಡಬೇಕು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನೊಳಗೆ ಕರೆಂಟು ಸಂಗ್ರಹವಾಗಿ ಉಳಿದಿರಬಹುದು. ಅದರ ತುದಿಗಳನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಅದನ್ನು ಖಾಲಿ ಮಾಡುವ ಕ್ರಮ ಗೊತ್ತಿರುವವರೇ ಮುಟ್ಟಬೇಕು. ತಂದೆಯ ಅಂಗಡಿಯನ್ನು ಈಗ ನನ್ನ ಅಣ್ಣ ನಡೆಸುತ್ತಾರೆ. ಫೋನ್ ಮಾಡಿ ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. "ಬಿಳಿ ಡಬ್ಬಿಯ ಹೊಟ್ಟೆ ಉಬ್ಬಿದೆಯಾ ನೋಡು" ಎಂದರು. ಟಾರ್ಚ್‌ನಲ್ಲಿ ನೋಡಿದರೆ ಹೌದು, ಒಂದು ಬದಿ ಸ್ವಲ್ಪ ಉಬ್ಬಿತ್ತು. ಶುಕ್ರವಾರ ಜುಮಾ ಮುಗಿಸಿ ಬಂದರು. ಮೀಟರ್ ಇಟ್ಟು ಮೊದಲು ಮೋಟಾರ್‌ನ ವೈಂಡಿಂಗ್ ನೋಡಿದರು. ಸರಿ ಇತ್ತು. 5 ಮೈಕ್ರೋಫ್ಯಾರಡ್ ಎಂದು ಬರೆದಿದ್ದ ಕೆಪಾಸಿಟರ್‌ನಲ್ಲಿ ಉಳಿದಿದ್ದದ್ದು ಎರಡಕ್ಕಿಂತಲೂ ಕಡಿಮೆ. ಹೊಸದಕ್ಕೆ ನೂರ ಎಂಬತ್ತು ರೂಪಾಯಿ. ಹತ್ತು ನಿಮಿಷದ ಕೆಲಸ. ಟೈಮರ್ ತಿರುಗಿಸಿದಾಗ ಟಬ್ ಎಂದಿನಂತೆ ಸುಯ್ ಎಂದು ವೇಗ ಹಿಡಿಯಿತು. ಅಲ್‌ಹಮ್ದುಲಿಲ್ಲಾಹ್.

ಆ ನಾಲ್ಕು ದಿನ ಹೊದಿಕೆಗಳನ್ನು ಕೈಯಲ್ಲಿ ಹಿಂಡಿ, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಒಣಗಿಸಿ ಹೇಗೋ ಕಳೆದಿದ್ದೆ. ಮಣಿಕಟ್ಟು ಬಾತುಹೋಗಿತ್ತು. ಅತ್ತೆಗೆ ಮಾತ್ರ ಒದ್ದೆ ಬಟ್ಟೆ ಹಾಸಲಿಲ್ಲ. ಅವರು 2023ರ ರಂಝಾನಿಗೆ ಸ್ವಲ್ಪ ಮೊದಲು ತೀರಿಕೊಂಡರು. ಮಯ್ಯತ್ ಸ್ನಾನ ಮಾಡಿಸಿದ ಹಿರಿಯ ಹೆಂಗಸರು, "ಎರಡು ವರ್ಷ ಮಲಗಿದವರ ಬೆನ್ನು ಇಷ್ಟು ಶುಭ್ರವಾಗಿರುವುದನ್ನು ನೋಡಿಯೇ ಇಲ್ಲ" ಎಂದರು. ಆ ಮಾತಿನಲ್ಲಿ ಆ ಹಳೆಯ ಮೆಷಿನ್‌ಗೂ ಒಂದು ಪಾಲಿದೆ ಎಂದು ನನಗನಿಸುತ್ತದೆ.

ಲಕ್ಷಣ ನೋಡಿ ರೋಗ ತಿಳಿಯುವುದು

ನಿಮ್ಮ ಮನೆಯ ಡ್ರೈಯರ್ ಬೇರೆ ಬಗೆಯಲ್ಲಿ ಕೈಕೊಡಬಹುದು. ಅದಕ್ಕಾಗಿ ನನಗೆ ತಿಳಿದಿರುವುದನ್ನು ಇಲ್ಲಿ ಬರೆಯುತ್ತೇನೆ.

ಸದ್ದೇ ಇಲ್ಲದಿದ್ದರೆ: ಮೊದಲು ಅದೇ ಸಾಕೆಟ್‌ಗೆ ಬೇರೊಂದು ಉಪಕರಣ ಹಾಕಿ ನೋಡಿ. ಕರೆಂಟು ಇದ್ದರೆ ಮುಚ್ಚಳ ಪೂರ್ತಿ ಕೂತಿದೆಯೇ ಎಂದು ನೋಡಿ. ಮುಚ್ಚಳದ ಸ್ವಿಚ್ ಒತ್ತಿಕೊಳ್ಳದಿದ್ದರೆ ಮೋಟಾರ್ ಏಳುವುದಿಲ್ಲ. ಒಂದರ ಹಿಂದೆ ಒಂದರಂತೆ ಹಲವು ಸಲ ಹಿಂಡಿದ ನಂತರ ನಿಂತಿದ್ದರೆ ಮೋಟಾರ್ ಬಿಸಿಯಾಗಿ ತನ್ನನ್ನು ತಾನೇ ನಿಲ್ಲಿಸಿಕೊಂಡಿರಬಹುದು. ಪ್ಲಗ್ ಕಿತ್ತು ಅರ್ಧ ಮುಕ್ಕಾಲು ಗಂಟೆ ಬಿಟ್ಟು ನೋಡಿ. ಆಗಲೂ ಇಲ್ಲವೆಂದರೆ ಟೈಮರ್, ಮುಚ್ಚಳದ ಸ್ವಿಚ್ ಅಥವಾ ಇಲಿ ಕಡಿದ ವಯರು. ಇದಕ್ಕೆ ಬಲ್ಲವರೇ ಬೇಕು.

ಧಡಧಡ ಬಡಿದುಕೊಂಡರೆ: ಬಟ್ಟೆ ಒಂದೇ ಬದಿಗೆ ಬಿದ್ದಿದೆ. ತೆಗೆದು ಸುತ್ತಲೂ ಸಮವಾಗಿ ಹರಡಿ, ಕೆಳಗೆ ಒತ್ತಿ, ಮೇಲೆ ಆ ತೂತುಗಳಿರುವ ಪ್ಲಾಸ್ಟಿಕ್ ತಟ್ಟೆಯನ್ನು ಇಡಿ. ಎಷ್ಟೋ ಮನೆಗಳಲ್ಲಿ ಆ ತಟ್ಟೆ ಕಳೆದುಹೋಗಿರುತ್ತದೆ ಅಥವಾ ಅಕ್ಕಿ ಆರಿಸುವುದಕ್ಕೆ ಹೋಗಿರುತ್ತದೆ! ಒಂದೇ ಒಂದು ದಪ್ಪ ಟವೆಲ್ ಹಾಕಿದರೂ ಬಡಿದುಕೊಳ್ಳುತ್ತದೆ. ಜೊತೆಗೆ ಇನ್ನೆರಡು ಬಟ್ಟೆ ಸೇರಿಸಿ. ನೆಲ ಏರುತಗ್ಗಾಗಿದ್ದರೆ ಮೆಷಿನ್‌ನ ಕಾಲುಗಳನ್ನು ಸರಿಪಡಿಸಿ. ಆಗಲೂ ಬಡಿದುಕೊಂಡರೆ ಕೆಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಮುರಿದಿರಬಹುದು. ಸಮುದ್ರದ ಉಪ್ಪುಗಾಳಿ ಇರುವ ಊರುಗಳಲ್ಲಿ ಇದು ಹೆಚ್ಚು.

ತಿರುಗುತ್ತದೆ, ಆದರೆ ಬಟ್ಟೆ ಒದ್ದೆಯಾಗಿಯೇ ಬರುತ್ತದೆ: ನೀರು ಹೋಗುವ ಪೈಪ್ ನೋಡಿ. ಪೈಪಿನ ತುದಿ ಎತ್ತರದಲ್ಲಿದ್ದರೆ ಅಥವಾ ಮಡಚಿಕೊಂಡಿದ್ದರೆ ನೀರು ತಳದಲ್ಲೇ ನಿಂತು ಟಬ್ಬನ್ನು ಎಳೆದು ಹಿಡಿಯುತ್ತದೆ. ಪೈಪಿನೊಳಗೆ ಬಟ್ಟೆಯ ನೂಲು, ಕೂದಲು ಕಟ್ಟಿಕೊಂಡಿದ್ದರೂ ಹಾಗೆಯೇ. ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿದ್ದರೂ ವೇಗ ಬರುವುದಿಲ್ಲ. ಆಗ ಸುಟ್ಟ ರಬ್ಬರಿನ ವಾಸನೆ ಬರುತ್ತದೆ.

ತಳದಿಂದ ನೀರು ಸೋರಿದರೆ: ಎಲ್ಲಿಂದ ಸೋರುತ್ತಿದೆ ಎಂದು ನೋಡಿ. ಪೈಪಿನಿಂದಾದರೆ ದೊಡ್ಡ ವಿಷಯವಲ್ಲ. ಹಿಂಡುವ ಟಬ್ಬಿನ ನಡುವಿನಿಂದಾದರೆ ಶಾಫ್ಟ್‌ನ ಸುತ್ತಲಿನ ರಬ್ಬರ್ ಸೀಲ್ ಹರಿದಿದೆ ಎಂದರ್ಥ. ಆ ನೀರು ನೇರವಾಗಿ ಮೋಟಾರ್‌ನ ಮೇಲೆ ಬೀಳುತ್ತದೆ. ಮೋಟಾರ್ ಹಾಳಾಗುವುದು ಒಂದು ಕಡೆ, ಶಾಕ್‌ನ ಅಪಾಯ ಇನ್ನೊಂದು ಕಡೆ. ಸೀಲ್ ಬದಲಾಯಿಸುವವರೆಗೆ ಬಳಸಲೇಬೇಡಿ.

ಇಲ್ಲಿ ಉದಾಸೀನ ಬೇಡ

ಮೂರು ವಿಷಯಗಳಲ್ಲಿ "ನಾಳೆ ನೋಡೋಣ" ಎನ್ನಬೇಡಿ.

ಮೊದಲನೆಯದು, ಮುಚ್ಚಳ ತೆರೆದರೂ ಟಬ್ ನಿಲ್ಲದಿರುವುದು. ಬ್ರೇಕ್ ಸರಿ ಇದ್ದರೆ ಅದು ಕೆಲವೇ ಕ್ಷಣಗಳಲ್ಲಿ ನಿಲ್ಲಬೇಕು. ಕೆಲವೆಡೆ ಮುಚ್ಚಳದ ಸ್ವಿಚ್ ಕೆಟ್ಟಾಗ ಹೊಸತು ಹಾಕುವ ಬದಲು ಎರಡು ವಯರುಗಳನ್ನು ನೇರವಾಗಿ ಸೇರಿಸಿಬಿಡುತ್ತಾರೆ. ಆಗ ಮುಚ್ಚಳ ತೆರೆದಿದ್ದರೂ ಟಬ್ ತಿರುಗುತ್ತದೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಹೀಗೆ ಮಾಡಿಸಿಕೊಂಡಿದ್ದರು. ಒಂಬತ್ತು ವರ್ಷದ ಹುಡುಗಿ ತಿರುಗುತ್ತಿದ್ದ ಟಬ್ಬಿನಿಂದ ತನ್ನ ಯೂನಿಫಾರಂ ತೆಗೆಯಲು ಹೋಗಿ ಎರಡು ಬೆರಳು ಮುರಿದುಕೊಂಡಳು. ಬಟ್ಟೆ ಕೈಗೆ ಸುತ್ತಿಕೊಂಡಿತು, ಬಿಡಿಸಿಕೊಳ್ಳಲು ಆಗಲಿಲ್ಲ. ನಾವಂತೂ ದುಪಟ್ಟಾ, ಶಾಲು, ಉದ್ದ ತೋಳಿನ ಉಡುಪು ಹಾಕಿಕೊಂಡೇ ಕೆಲಸ ಮಾಡುವವರು. ಬಗ್ಗಿದಾಗ ದುಪಟ್ಟಾದ ತುದಿ ಒಳಗೆ ಬಿದ್ದರೆ ಏನಾದೀತೆಂದು ಯೋಚಿಸಿ. ನಿಮ್ಮ ಮನೆಯ ಮೆಷಿನ್ ಮುಚ್ಚಳ ತೆರೆದರೂ ತಿರುಗುತ್ತದೆ ಎಂದಾದರೆ, ಮೊದಲು ಸ್ವಿಚ್ ಸರಿಪಡಿಸಿ, ಆಮೇಲೆ ಬಟ್ಟೆ ಹಾಕಿ.

ಎರಡನೆಯದು, ಮೆಷಿನ್ ಮುಟ್ಟಿದಾಗ ಜುಂ ಎನ್ನುವುದು. "ಸ್ವಲ್ಪ ಶಾಕ್ ಹೊಡೆಯುತ್ತದೆ, ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಏನೂ ಆಗುವುದಿಲ್ಲ" ಎಂದು ಎಷ್ಟು ಮಂದಿ ಹೇಳುವುದನ್ನು ಕೇಳಿದ್ದೇನೆ! ಒದ್ದೆ ನೆಲ, ಒದ್ದೆ ಕೈ, ಅರ್ತಿಂಗ್ ಇಲ್ಲದ ಸಾಕೆಟ್ ಸೇರಿದರೆ ಜೀವ ಹೋಗಲು ಹೆಚ್ಚು ಹೊತ್ತು ಬೇಡ. ಮೂರು ಕಾಲಿನ ಪ್ಲಗ್‌ನ ಆ ದಪ್ಪ ಕಾಲು ಇರುವುದು ಇದಕ್ಕಾಗಿಯೇ. ಅದನ್ನು ಮುರಿದು ಎರಡು ಕಾಲಿನ ಸಾಕೆಟ್‌ಗೆ ತುರುಕಬೇಡಿ. ಹಳೆಯ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಹಿಂದೆ ಅರ್ತ್ ವಯರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ಪರೀಕ್ಷಿಸಿಕೊಳ್ಳಿ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಕರೆಂಟು ಸೋರಿದ ಕ್ಷಣದಲ್ಲೇ ಲೈನ್ ಕಡಿಯುತ್ತದೆ. ಮನೆಗೆ ಟೈಲ್ಸ್ ಹಾಕಿಸಲು ಖರ್ಚು ಮಾಡುವವರು ಇದಕ್ಕೆ ಹಿಂದೆಮುಂದೆ ನೋಡಬಾರದು.

ಮೂರನೆಯದು ಇಲಿ. ಮಳೆಗಾಲದಲ್ಲಿ ಇಲಿಗಳಿಗೂ ಬೆಚ್ಚನೆಯ ಜಾಗ ಬೇಕು. ಮೆಷಿನ್‌ನ ತಳ ತೆರೆದಿದ್ದರೆ ಅಲ್ಲೇ ಸಂಸಾರ ಹೂಡುತ್ತವೆ. ತಳಕ್ಕೆ ಹಾಕುವ ಜಾಲರಿ ಅಂಗಡಿಯಲ್ಲಿ ಸಿಗುತ್ತದೆ, ಹಾಕಿಸಿ. ಇಲಿ ಕಡಿದ ವಯರಿಗೆ ಮನೆಯಲ್ಲಿ ಸೆಲ್ಲೋಟೇಪ್ ಸುತ್ತಿ ಓಡಿಸುವುದು ಬೇಡ.

ಗಲ್ಫ್‌ನ ಸಹೋದರಿಯರಿಗೆ

ದುಬೈ, ಜಿದ್ದಾ, ದೋಹಾಗಳ ಫ್ಲ್ಯಾಟ್‌ಗಳಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಹರವಲು ಬಿಡದ ಕಡೆ ಬಿಸಿಗಾಳಿಯ ಡ್ರೈಯರ್ ಬಳಸುವವರಿದ್ದಾರೆ. "ಎರಡು ಸಲ ತಿರುಗಿಸಿದರೂ ಒಣಗುವುದಿಲ್ಲ" ಎಂದು ನನ್ನ ತಂಗಿ ಒಮ್ಮೆ ದುಬೈಯಿಂದ ಫೋನ್ ಮಾಡಿದ್ದಳು. ಬಾಗಿಲ ಬಳಿಯ ಜಾಲರಿ ತೆಗೆದು ನೋಡು ಎಂದೆ. ಹತ್ತಿಯ ಹಾಸಿಗೆಯಷ್ಟು ದಪ್ಪ ನೂಲಿನ ಧೂಳು ಕೂತಿತ್ತಂತೆ! ಗಾಳಿ ಹೋಗಲು ದಾರಿ ಇಲ್ಲದಿದ್ದರೆ ತೇವ ಹೊರಗೆ ಹೋಗುವುದು ಹೇಗೆ? ಪ್ರತಿ ಸಲ ಒಣಗಿಸಿದ ನಂತರ ಆ ಜಾಲರಿಯನ್ನು ಶುಚಿಗೊಳಿಸಬೇಕು. ಹೊರಗೆ ಗಾಳಿ ಬಿಡುವ ಪೈಪ್ ಇದ್ದರೆ ಅದು ಮಡಚಿಕೊಂಡಿದೆಯೇ, ಒಳಗೆ ಧೂಳು ಕಟ್ಟಿದೆಯೇ ನೋಡಬೇಕು. ಪೈಪ್ ಇಲ್ಲದೆ ನೀರನ್ನು ತೊಟ್ಟಿಯಲ್ಲಿ ಹಿಡಿಯುವ ಬಗೆಯದ್ದಾದರೆ ತೊಟ್ಟಿ ತುಂಬಿದಾಗ ಚೆಲ್ಲಬೇಕು.

ಡ್ರಮ್ ತಿರುಗುತ್ತದೆ, ಆದರೆ ಬಿಸಿಯೇ ಇಲ್ಲವೆಂದರೆ ಹೀಟರ್ ಕೆಟ್ಟಿರಬಹುದು, ಇಲ್ಲವೇ ಅತಿ ಬಿಸಿಯಾದಾಗ ಕಡಿದುಕೊಳ್ಳುವ ಥರ್ಮಲ್ ಫ್ಯೂಸ್ ಹೋಗಿರಬಹುದು. ಫ್ಯೂಸ್ ಬದಲಾಯಿಸಿದರೆ ಮಾತ್ರ ಸಾಲದು. ಅದು ಯಾಕೆ ಹೋಯಿತು ಎಂದು ಕೇಳಬೇಕು. ಹೆಚ್ಚಾಗಿ ಕಾರಣ ಅದೇ ಕಟ್ಟಿಕೊಂಡ ಧೂಳು. ಈ ಧೂಳಿಗೆ ಬೆಂಕಿ ಬೇಗ ಹತ್ತಿಕೊಳ್ಳುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತವು 2008ರಿಂದ 2010ರವರೆಗಿನ ಲೆಕ್ಕ ತೆಗೆದು, ಅಲ್ಲಿನ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತಗಳು ಡ್ರೈಯರ್‌ನಿಂದಲೇ ಆಗಿವೆ ಎಂದು ತಿಳಿಸಿತ್ತು. ಅದರಲ್ಲಿ ಮೊದಲ ಕಾರಣವಾಗಿ ಕಂಡದ್ದು ಶುಚಿಗೊಳಿಸದಿರುವುದು. ನಾವು ಎಣ್ಣೆ ಹೆಚ್ಚು ಬಳಸುವವರು. ತೆಂಗಿನೆಣ್ಣೆ, ಅಡುಗೆಯೆಣ್ಣೆ ಹೀರಿದ ಬಟ್ಟೆಯನ್ನು ಚೆನ್ನಾಗಿ ತೊಳೆಯದೆ ಈ ಯಂತ್ರಕ್ಕೆ ಹಾಕಬೇಡಿ. ಬಿಸಿಯಾದ ಎಣ್ಣೆಬಟ್ಟೆ ರಾಶಿಯಲ್ಲಿ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಯಂತ್ರವನ್ನು ತಿರುಗಲು ಬಿಟ್ಟು ಹೊರಗೆ ಹೋಗುವುದೂ, ಮಲಗುವುದೂ ಬೇಡ.

ಮೆಕ್ಯಾನಿಕ್ ಬಂದಾಗ

ಎಲ್ಲವನ್ನೂ ನೀವೇ ರಿಪೇರಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಕರೆಂಟಿನ ಕೆಲಸ ಬಲ್ಲವರ ಕೈಯಲ್ಲೇ ಆಗಲಿ. ಆದರೆ ಕೇಳಲು ನಮಗೆ ತಿಳಿದಿರಬೇಕು. ಮೋಟಾರ್ ಹೋಗಿದೆ ಎಂದರೆ, "ಮೀಟರ್ ಇಟ್ಟು ತೋರಿಸುತ್ತೀರಾ?" ಎಂದು ಕೇಳಿ. "ಮೊದಲು ಕೆಪಾಸಿಟರ್ ನೋಡಿದಿರಾ?" ಎಂದು ಕೇಳಿ. ಹೊಸ ಕೆಪಾಸಿಟರ್ ಹಾಕಿದರೆ ಹಳತರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಸಂಖ್ಯೆಯೇ ಇದರಲ್ಲೂ ಇದೆಯೇ ನೋಡಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಮರ್ಯಾದೆಯಿಂದ ಕೇಳಿದರೆ ಒಳ್ಳೆಯ ಕೆಲಸಗಾರರು ಬೇಸರಿಸುವುದಿಲ್ಲ. ಬಂದವರ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಮೋಟಾರೇ ನಿಜವಾಗಿ ಸುಟ್ಟಿದ್ದು, ತಳವೂ ತುಕ್ಕು ಹಿಡಿದು ಉದುರುತ್ತಿದ್ದರೆ ಹಣ ಸುರಿಯುವುದು ವ್ಯರ್ಥ. ಗಟ್ಟಿಯಾಗಿದ್ದರೆ ರಿಪೇರಿಯೇ ಲಾಭ.

ನನ್ನ ಮಗಳಿಗೆ ಈಗ ಹದಿನಾರು. ಸ್ಕ್ರೂಡ್ರೈವರ್, ಟೆಸ್ಟರ್, ಟಾರ್ಚ್ ಮೂರನ್ನೂ ಅಡುಗೆಮನೆಯ ಡ್ರಾವರ್‌ನಲ್ಲಿ ಒಂದು ಡಬ್ಬಿಯಲ್ಲಿ ಇಟ್ಟಿದ್ದಾಳೆ. ಕೆಪಾಸಿಟರ್ ಯಾವಾಗ ಹಾಕಿದ್ದು, ಎಷ್ಟು ನಂಬರಿನದ್ದು ಎಂದು ಒಂದು ಚೀಟಿಯಲ್ಲಿ ಬರೆದು ಮೆಷಿನ್‌ನ ಹಿಂದೆ ಅಂಟಿಸಿದ್ದಾಳೆ. ನಿಮ್ಮ ಮನೆಯಲ್ಲೂ ಮಳೆ ಶುರುವಾಗುವ ಮೊದಲು ಒಂದು ದಿನ ಪ್ಲಗ್ ಕಿತ್ತಿಟ್ಟು, ಪೈಪ್ ತೊಳೆದು, ಮುಚ್ಚಳದ ಬ್ರೇಕ್ ಹಿಡಿಯುತ್ತದೆಯೇ, ತಳದಲ್ಲಿ ಜಾಲರಿ ಇದೆಯೇ ಎಂದು ನೋಡಿಬಿಡಿ. ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ. ಅರ್ಧ ಗಂಟೆ ಸಾಕು.